ನಲವತ್ತೆರಡು ಗೋಬರ್ ಗ್ಯಾಸ್ ಗುಂಡಿಗಳು: ಒಂದು ಊರಿನ ಕಾರ್ಬನ್ ಲೆಕ್ಕ

ನಮ್ಮ ಕಡೆ ಹಳ್ಳಿಗಳಿಗೆ ಈಗ ಮತ್ತೆ ‘ಕಾರ್ಬನ್ ದುಡ್ಡು’, ಅಂದರೆ ಹೊಗೆ ಇಳಿಸುವ ಕೆಲಸಕ್ಕೆ ಸಿಗುವ ದುಡ್ಡು, ಅಂತ ಹೇಳಿಕೊಂಡು ಜನ ಬರುತ್ತಿದ್ದಾರೆ. ಕೈಯಲ್ಲಿ ಟ್ಯಾಬ್ ಇರುತ್ತೆ, ಹೆಬ್ಬೆಟ್ಟು ಹಾಕಿಸಿಕೊಳ್ಳಲು ಕಾಗದ ಇರುತ್ತೆ. ಹದಿನೈದು ವರ್ಷದ ಹಿಂದೆ ಹೀಗೇ ಕಾಗದ ಹಿಡಿದು ಮನೆ ಮನೆ ಸುತ್ತಿದವನು ನಾನು. ಆಗ ಒಂದು ಊರಿನಲ್ಲಿ ಏನೇನಾಯ್ತು, ಎಲ್ಲಿ ಸರಿ ಮಾಡಿದೆವು, ಎಲ್ಲಿ ಎಡವಿದೆವು ಅಂತ ಬರೆದಿಟ್ಟರೆ ಮುಂದೆ ಈ ಕೆಲಸಕ್ಕೆ ಇಳಿಯುವವರಿಗೆ ಉಪಯೋಗ ಆಗಬಹುದು. ಊರಿನ ಹೆಸರು, ನಮ್ಮ ಸಂಸ್ಥೆಯ ಹೆಸರು ಹೇಳುವುದಿಲ್ಲ. ಜನರ ಹೆಸರು ಬದಲಿಸಿದ್ದೇನೆ.

ಹಿನ್ನೆಲೆ

ಊರು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ, ಆಂಧ್ರದ ಗಡಿಗೆ ಹತ್ತಿರ. ಮನೆಯಲ್ಲಿ ತೆಲುಗು, ಡೇರಿಯಲ್ಲಿ ಕನ್ನಡ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಎಲ್ಲ ನಂದಿ ಬೆಟ್ಟದ ಆಸುಪಾಸಲ್ಲೇ ಹುಟ್ಟುತ್ತವೆ, ಆದರೆ ನೀರು ಕಾಣುವುದು ಮಳೆಗಾಲದಲ್ಲಿ ಮಾತ್ರ. ಹಿಂದೆ ಕೆರೆ ನಂಬಿ ರಾಗಿ, ಅವರೆ, ಕಡಲೆಕಾಯಿ ಬೆಳೆಯುತ್ತಿದ್ದರು. ಆಮೇಲೆ ಬೋರ್‌ವೆಲ್ ಬಂತು, ಅದರ ಹಿಂದೆ ರೇಷ್ಮೆ ಬಂತು, ಸೀಮೆಹಸು ಬಂತು. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಡೇರಿ ಮುಂದೆ ನಿಲ್ಲುವ ಸಾಲು ಉದ್ದ ಆಯ್ತು. ಹಾಲಿನ ಬಟವಾಡೆ ದುಡ್ಡಲ್ಲೇ ಮಕ್ಕಳ ಸ್ಕೂಲು, ಚೀಟಿ, ಆಸ್ಪತ್ರೆ ಎಲ್ಲ ನಡೆಯುತ್ತಿತ್ತು.

ಅಡುಗೆಮನೆ ಮಾತ್ರ ಹಾಗೇ ಇತ್ತು. ಮೂರು ಕಲ್ಲಿನ ಒಲೆ, ಊದುಗೊಳವೆ, ಮಸಿ ಹಿಡಿದ ಸೂರು. ಸೌದೆ ಅಂದರೆ ಕೆರೆ ಅಂಗಳದ ಸೀಮೆಜಾಲಿ, ನೀಲಗಿರಿ ತೋಪಿನ ತರಗು. ವಾರಕ್ಕೆ ಎರಡು ಸಲ ಹೆಂಗಸರು ಹೊರೆ ತರುತ್ತಿದ್ದರು.

ಇದಕ್ಕೂ ಜಗತ್ತಿನ ಹವಾಮಾನಕ್ಕೂ ಏನು ಸಂಬಂಧ? 1997ರ ಕ್ಯೋಟೋ ಒಪ್ಪಂದದಲ್ಲಿ ಶ್ರೀಮಂತ ದೇಶಗಳು ತಮ್ಮ ಹೊಗೆ ಇಳಿಸುತ್ತೇವೆ ಅಂತ ಒಪ್ಪಿದ್ದವು. ತಮ್ಮಲ್ಲೇ ಪೂರ್ತಿ ಇಳಿಸಲು ಆಗದಿದ್ದರೆ, ನಮ್ಮಂಥ ದೇಶಗಳಲ್ಲಿ ಹೊಗೆ ಇಳಿಸುವ ಕೆಲಸಕ್ಕೆ ದುಡ್ಡು ಕೊಟ್ಟು ಆ ಪುಣ್ಯವನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಹುದಿತ್ತು. ಅದಕ್ಕೆ ಸಿಡಿಎಂ (ಕ್ಲೀನ್ ಡೆವಲಪ್‌ಮೆಂಟ್ ಮೆಕ್ಯಾನಿಸಂ) ಅಂತ ಹೆಸರು. ಒಂದು ಟನ್ ಇಂಗಾಲದ ಡೈಆಕ್ಸೈಡ್ ತಪ್ಪಿಸಿದರೆ ಒಂದು ಕ್ರೆಡಿಟ್. ಒಪ್ಪಂದ ಜಾರಿಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮದೇ ಬಾಗೇಪಲ್ಲಿ ಕಡೆಯ 5,500 ಗೋಬರ್ ಗ್ಯಾಸ್ ಘಟಕಗಳ ಯೋಜನೆ ವಿಶ್ವಸಂಸ್ಥೆಯ ಪಟ್ಟಿಗೆ ಸೇರಿತು. ನಾನು ಹೇಳುತ್ತಿರುವುದು ಆ ಯೋಜನೆಯ ಕಥೆ ಅಲ್ಲ. ಅದನ್ನು ನೋಡಿ ಹುರುಪಿನಿಂದ ಶುರು ಮಾಡಿದ ಇನ್ನೊಂದು ಸಣ್ಣ ಕೆಲಸದ್ದು.

ಕೈಗೆತ್ತಿಕೊಂಡ ಕೆಲಸ

ಯುರೋಪಿನ ಒಬ್ಬ ಖರೀದಿದಾರರು ಮುಂಗಡ ಕೊಟ್ಟರು. ಆ ದುಡ್ಡಲ್ಲಿ ಗುಂಡಿ ಕಟ್ಟುವುದು, 2012ರ ಕೊನೆಯೊಳಗೆ ಇಷ್ಟು ಟನ್ ಕ್ರೆಡಿಟ್ ಕೊಟ್ಟು ಮುಂಗಡ ತೀರಿಸುವುದು, ಆಮೇಲೆ ಬರುವ ದುಡ್ಡು ಮನೆಯವರಿಗೆ. ಕರಾರು ಇಷ್ಟೇ. 2009ರಲ್ಲಿ ಈ ಊರಿನಲ್ಲಿ 42 ಗುಂಡಿ ಕಟ್ಟಿದೆವು. ನೆಲದೊಳಗೆ ಇಟ್ಟಿಗೆಯ ಗುಮ್ಮಟ ಇರುವ ದೀನಬಂಧು ಮಾದರಿ, ಎರಡು ಘನ ಮೀಟರಿನದು. ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕು. ಐದಾರು ಜನರ ಅಡುಗೆ ಆಗುತ್ತೆ.

ಒಂದು ಸೀಮೆಹಸು ದಿನಕ್ಕೆ ಹದಿನೈದರಿಂದ ಇಪ್ಪತ್ತು ಕಿಲೋ ಸಗಣಿ ಹಾಕುತ್ತೆ. ಹಾಗಾಗಿ ‘ಕನಿಷ್ಠ ಮೂರು ದನ, ಹಿತ್ತಲಲ್ಲಿ ಜಾಗ’ ಅಂತ ನಿಯಮ ಮಾಡಿದೆವು. ಕಾಗದದ ಮೇಲೆ ಇದಕ್ಕಿಂತ ಸರಿಯಾದ ನಿಯಮ ಇರಲಿಲ್ಲ. ಇದರಿಂದ ಏನಾಯ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಕಾರ್ಬನ್ ಲೆಕ್ಕ ಹಾಕುವ ರೀತಿಯನ್ನೂ ಸ್ವಲ್ಪ ಹೇಳಬೇಕು. ಸೌದೆ ಸುಟ್ಟ ಹೊಗೆಯೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಕಡಿದಷ್ಟು ಮರ ಮತ್ತೆ ಬೆಳೆದರೆ ಆ ಇಂಗಾಲ ವಾಪಸ್ ಮರಕ್ಕೇ ಹೋಯ್ತು ಅಂತ ಅರ್ಥ. ಬೆಳೆಯುವುದಕ್ಕಿಂತ ಜಾಸ್ತಿ ಕಡಿದ ಪಾಲು ಮಾತ್ರ ಲೆಕ್ಕ. ಅದಕ್ಕೆ ಉಳಿತಾಯವಾದ ಸೀಮೆಎಣ್ಣೆ ಸೇರಿಸಬೇಕು. ಹೀಗೆ ನೋಡಿದರೆ ಒಂದು ಮನೆಗೆ ವರ್ಷಕ್ಕೆ ಮೂರು ಟನ್ ಆಸುಪಾಸು ಬರುತ್ತಿತ್ತು. ಟನ್‌ಗೆ ಹತ್ತು ಯೂರೋ ಅಂದರೆ, ಆಗಿನ ದರದಲ್ಲಿ ಒಂದು ಮನೆಗೆ ವರ್ಷಕ್ಕೆ ಸಾವಿರದ ಎಂಟುನೂರು ರೂಪಾಯಿ ಮೇಲೆ. ಆದರೆ ಗ್ಯಾಸ್ ಒಲೆ ಉರಿದ ದಿನಕ್ಕೆ ಮಾತ್ರ ಲೆಕ್ಕ. ಉರಿಯದ ದಿನಗಳನ್ನು ಕಳೆಯಬೇಕು. ಅದಕ್ಕೆ ಪ್ರತಿ ಮನೆಗೂ ಒಂದೊಂದು ಕಾರ್ಡು ಕೊಟ್ಟೆವು.

ರತ್ನಮ್ಮನವರ ಮನೆಯಲ್ಲಿ ಕಾರ್ಡು ಮೊದಲ ತಿಂಗಳೇ ಕಳೆದುಹೋಯ್ತು. ಮೊಮ್ಮಗ ಅದರಲ್ಲಿ ದೋಣಿ ಮಾಡಿದ್ದ. ಅವರೇ ಒಂದು ದಾರಿ ಹುಡುಕಿದರು. ಗ್ಯಾಸ್ ಬರದ ದಿನ ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ. ತಿಂಗಳ ಕೊನೆಗೆ ನಾನು ಹೋಗಿ ಎಣಿಸಿ ಬರೆದುಕೊಳ್ಳುತ್ತಿದ್ದೆ. ಸ್ವಲ್ಪ ದಿನ ಆದ ಮೇಲೆ ಅವರೇ ಕೇಳಿದರು, “ಸಾರ್, ಒಂದು ಸೀಮೆಸುಣ್ಣ ತಂದುಕೊಡಿ. ಸೌದೆ ಒಲೆ ಹಚ್ಚೋದೇ ಇಲ್ಲ, ಇದ್ದಿಲು ಎಲ್ಲಿಂದ ತರಲಿ?” ಈ ಕೆಲಸದಲ್ಲಿ ನನಗೆ ಅಷ್ಟು ಸಂತೋಷ ಕೊಟ್ಟ ಮಾತು ಇನ್ನೊಂದಿಲ್ಲ.

ಆದರೆ ಎಲ್ಲ ಮನೆಯಲ್ಲೂ ಹಾಗೆ ಆಗಲಿಲ್ಲ. ಎಷ್ಟೋ ಮನೆಗಳಲ್ಲಿ ಸಾರು, ಅನ್ನ ಗ್ಯಾಸ್ ಮೇಲೆ, ಮುದ್ದೆ ಮಾತ್ರ ಸೌದೆ ಒಲೆ ಮೇಲೆ. ಯಾಕೆ ಅಂತ ನಮ್ಮ ಎಂಜಿನಿಯರ್‌ಗೆ ಅರ್ಥ ಆಗಲಿಲ್ಲ. ಜ್ವಾಲೆ ಚೆನ್ನಾಗೇ ಇತ್ತು. ಒಂದು ಸಂಜೆ ಕೂತು ನೋಡಿದ ಮೇಲೆ ತಿಳಿಯಿತು. ನಾವು ಸ್ಟವ್ ಇಟ್ಟಿದ್ದು ಸೊಂಟದೆತ್ತರದ ಕಟ್ಟೆ ಮೇಲೆ. ಮುದ್ದೆ ತಿರುವಬೇಕಾದರೆ ಪಾತ್ರೆಗೆ ಕವೆಗೋಲು ಕೊಟ್ಟು ಕಾಲಲ್ಲಿ ಒತ್ತಿ ಹಿಡಿದು, ಮೈ ಭಾರ ಪೂರ್ತಿ ಕೋಲಿನ ಮೇಲೆ ಬಿಡಬೇಕು. ಕಟ್ಟೆ ಮೇಲಿದ್ದರೆ ಅದು ಆಗುವುದೇ ಇಲ್ಲ, ಸ್ಟವ್ ಸಮೇತ ಜಾರುತ್ತೆ. ನೆಲಕ್ಕೆ ಇಳಿಸಿ ಸುತ್ತ ಮಣ್ಣಿನ ಅಂಚು ಕಟ್ಟಿಸಿದೆವು. ಮುದ್ದೆಯೂ ಗ್ಯಾಸಿಗೆ ಬಂತು. ಒಂದು ಒಲೆ ಎಷ್ಟು ಟನ್ ಉಳಿಸುತ್ತೆ ಅನ್ನುವ ಲೆಕ್ಕ ಜರ್ಮನಿಯ ಬಾನ್ ನಗರದಲ್ಲಿರುವ ವಿಶ್ವಸಂಸ್ಥೆಯ ಹವಾಮಾನ ಕಚೇರಿಯಲ್ಲಿ ಕೂತವರ ಮುಂದೆ ಹೋಗುತ್ತಿತ್ತು. ಆ ಲೆಕ್ಕ ಸರಿಯಾದದ್ದು ಒಂದು ಗೇಣು ಮಣ್ಣಿನ ಅಂಚಿನಿಂದ.

ಎಲ್ಲಿ ಕೆಟ್ಟಿತು

ಮೊದಲ ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಮಳೆ ಕೈಕೊಟ್ಟಿತು. 2012ರ ಬೇಸಿಗೆ ಹೊತ್ತಿಗೆ ಊರಿನ ಕುಡಿಯುವ ನೀರಿನ ಬೋರ್ ಬತ್ತಿ ಟ್ಯಾಂಕರ್ ಬರಲು ಶುರುವಾಯ್ತು. ಹೊಲದ ಬೋರ್‌ಗಳು ಸಾವಿರ ಅಡಿ ದಾಟಿದ್ದವು. ಗುಂಡಿಗೆ ದಿನಾ ಐವತ್ತು ಲೀಟರ್ ನೀರು ಅಂದರೆ ಮೂರೂವರೆ ಬಿಂದಿಗೆ. ಟ್ಯಾಂಕರ್ ಬಂದ ದಿನ ಮನೆಗೆ ಸಿಗುತ್ತಿದ್ದುದೇ ಹತ್ತು ಹನ್ನೆರಡು ಬಿಂದಿಗೆ. ಅದರಲ್ಲಿ ಸೀಮೆಹಸು ಎಷ್ಟು ಕುಡಿಯುತ್ತೆ ಅಂತ ಹಸು ಸಾಕಿದವರಿಗೆ ಗೊತ್ತು. ಒಂದೊಂದೇ ಗುಂಡಿ ನಿಂತಿತು.

ನಾವು ಯೋಜನೆ ಬರೆಯುವಾಗ ಸಗಣಿ ಲೆಕ್ಕ ಹಾಕಿದ್ದೆವು, ಇಟ್ಟಿಗೆ ಸಿಮೆಂಟು ಲೆಕ್ಕ ಹಾಕಿದ್ದೆವು, ಟನ್ ಲೆಕ್ಕ ಹಾಕಿದ್ದೆವು. ನೀರಿನ ಕಾಲಂನಲ್ಲಿ ‘ಲಭ್ಯವಿದೆ’ ಅಂತ ಒಂದು ಪದ ಬರೆದು ಮುಂದೆ ಹೋಗಿದ್ದೆವು. ಯೋಜನೆ ನಿಂತಿದ್ದು ಹಾಲಿನ ಮೇಲೆ. ಹಾಲು ನಿಂತಿದ್ದು ನೇಪಿಯರ್ ಹುಲ್ಲಿನ ಮೇಲೆ. ಹುಲ್ಲು ನಿಂತಿದ್ದು ಬೋರ್ ಮೇಲೆ. ಅದೇ ಬೋರ್‌ಗಳು ಪೈಪೋಟಿಯಲ್ಲಿ ನೆಲದ ನೀರನ್ನು ಕೆಳಗೆ ಇಳಿಸುತ್ತಿದ್ದವು. ಊರಿನ ಆದಾಯ ಹೆಚ್ಚಿದ್ದರಿಂದಲೇ ಸಗಣಿ ಸಿಕ್ಕಿತು. ಆ ಆದಾಯ ಹೆಚ್ಚಿದ ದಾರಿಯಿಂದಲೇ ನೀರೂ ಹೋಯ್ತು. ಜಗತ್ತಿನ ಪರಿಸರ, ಆರ್ಥಿಕ ಅಭಿವೃದ್ಧಿ ಅಂತ ಬೇರೆ ಬೇರೆ ಪಾಠವಾಗಿ ಓದುತ್ತೇವಲ್ಲ, ಆ ಊರಲ್ಲಿ ಎರಡೂ ಒಂದೇ ಬಿಂದಿಗೆಯಲ್ಲಿದ್ದವು.

ಆಗ ನಮ್ಮ ಮುಂದೆ ಮೊದಲ ದೊಡ್ಡ ನಿರ್ಧಾರ ಬಂತು. ಗೋಡೆ ಮೇಲಿನ ಗೆರೆಗಳು, ಕಾರ್ಡಿನ ಗುರುತುಗಳು ಜಾಸ್ತಿ ಆಗುತ್ತಿದ್ದವು. ರತ್ನಮ್ಮನವರ ಗೋಡೆಯಲ್ಲಿ ಏಪ್ರಿಲ್ ತಿಂಗಳೊಂದರಲ್ಲೇ ಹತ್ತೊಂಬತ್ತು ಗೆರೆ ಎಣಿಸಿದೆ. ಇದನ್ನು ಹಾಗೇ ವರದಿ ಮಾಡಿದರೆ ಟನ್ ಬೀಳುತ್ತೆ, 2012ರೊಳಗೆ ಮುಂಗಡ ತೀರುವುದಿಲ್ಲ. ಪರಿಶೀಲನೆಗೆ ಬರುವವರು ಎಲ್ಲ ಮನೆಗೂ ಹೋಗುವುದಿಲ್ಲ, ಆಯ್ದ ಕೆಲವು ಮನೆ ಮಾತ್ರ ನೋಡುತ್ತಾರೆ. ಕಚೇರಿಯಲ್ಲಿ ಒಬ್ಬರು ಮೆಲ್ಲಗೆ ಹೇಳಿದರು, “ಸುಮ್ನೆ ಹೋದ ವರ್ಷದ ಅಂಕಿ ಹಾಕಿ.” ಹಾಗೆ ಹೇಳಿದವರು ಕೆಟ್ಟವರಲ್ಲ. ಊರಿನವರಿಗೆ ದುಡ್ಡು ತಪ್ಪಬಾರದು ಅನ್ನುವುದೇ ಅವರ ಚಿಂತೆ.

ಎರಡು ದಿನ ವಾದ ಆಯ್ತು. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಅಂತ ತೀರ್ಮಾನಿಸಿದೆವು. ನನ್ನ ಕಾರಣ ಸರಳವಾಗಿತ್ತು. ಇಲ್ಲಿ ಉರಿಯದ ಒಲೆಯನ್ನು ಉರಿದಿದೆ ಅಂತ ಬರೆದರೆ, ಅಷ್ಟೇ ಟನ್ ಹೊಗೆ ಬಿಡಲು ಅಲ್ಲಿ ಯಾವುದೋ ಕಾರ್ಖಾನೆಗೆ ಅನುಮತಿ ಸಿಗುತ್ತೆ. ಆ ಹೊಗೆ ನಿಜವಾದದ್ದು. ಅದರ ಬಿಸಿ ಮತ್ತೆ ನಮ್ಮ ಆಕಾಶಕ್ಕೇ ಬರುತ್ತೆ. ಮಳೆ ಹೋಗಿ ಒದ್ದಾಡುತ್ತಿರುವ ಊರಿನ ಹೆಸರಲ್ಲಿ ಅಂಥ ಕೆಲಸ ಮಾಡಲು ಮನಸ್ಸು ಒಪ್ಪಲಿಲ್ಲ.

ಇನ್ನೊಂದು ವಿಷಯವೂ ಇತ್ತು. ನೀರು ಹಾಕದೆ ಬಿಟ್ಟ ಗುಂಡಿಯೊಳಗೆ ಹಳೆಯ ಸಗಣಿ ಕೊಳೆಯುತ್ತಲೇ ಇರುತ್ತೆ. ಗ್ಯಾಸಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೀಥೇನ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತೆ. ಉರಿದರೆ ಒಳ್ಳೆಯದು, ವಾಲ್ವ್ ಬಿರುಕಿನಿಂದ ಸೋರಿದರೆ ಸೌದೆಗಿಂತ ಕೆಟ್ಟದ್ದು. ಹಾಗಾಗಿ ಪಾಳು ಬಿದ್ದ ಗುಂಡಿ ಅಂದರೆ ಲಾಭ ಇಲ್ಲ ಅಂತಷ್ಟೇ ಅಲ್ಲ, ನಷ್ಟ. ಸೋಪಿನ ನೊರೆ ಹಿಡಿದುಕೊಂಡು 42 ಮನೆಯ ಪೈಪು, ವಾಲ್ವ್ ಎಲ್ಲ ನೋಡಿಕೊಂಡು ಬಂದೆವು. ನೊರೆ ಗುಳ್ಳೆ ಎದ್ದ ಕಡೆ ರಿಪೇರಿ.

ಏನೇನು ಮಾಡಿ ನೋಡಿದೆವು

ಮೊದಲು ನೀರು ಕೊಂಡು ಕೊಡೋಣ ಅಂದುಕೊಂಡೆವು. ಲೆಕ್ಕ ಹಾಕಿದರೆ ಎರಡು ತಿಂಗಳಿಗೆ ನಮ್ಮ ನಿರ್ವಹಣೆ ದುಡ್ಡು ಮುಗಿಯುತ್ತಿತ್ತು. ಕೈಬಿಟ್ಟೆವು.

ದಾರಿ ತೋರಿಸಿದ್ದು ಊರಿನವರೇ ಆದ ಮುನಿಯಪ್ಪ ಅನ್ನುವವರು. ಅವರ ಕೊಟ್ಟಿಗೆಗೆ ಸಿಮೆಂಟ್ ನೆಲ ಇತ್ತು. ಗಂಜಲ ಮತ್ತು ಕೊಟ್ಟಿಗೆ ತೊಳೆದ ನೀರು ಒಂದು ಸಣ್ಣ ಕಾಲುವೆಯಲ್ಲಿ ಹರಿದು ನೇರ ಗುಂಡಿಯ ತೊಟ್ಟಿಗೆ ಬೀಳುವ ಹಾಗೆ ಮಾಡಿಕೊಂಡಿದ್ದರು. ಇನ್ನೊಂದು ಕಡೆ ಹೊರಗೆ ಬರುವ ಬಗ್ಗಡದ ತಿಳಿಯನ್ನು ಬಸಿದು ಮತ್ತೆ ತೊಟ್ಟಿಗೆ ಹಾಕುತ್ತಿದ್ದರು. ಹೊಸ ನೀರು ಅವರಿಗೆ ದಿನಕ್ಕೆ ಒಂದು ಬಿಂದಿಗೆ ಸಾಕಾಗುತ್ತಿತ್ತು. ಇಡೀ ಊರಲ್ಲಿ ಆ ಬೇಸಿಗೆಯಲ್ಲೂ ನಿಲ್ಲದೆ ಉರಿದ ಐದಾರು ಒಲೆಗಳಲ್ಲಿ ಅವರದೂ ಒಂದು.

ಇದೇ ನಮಗೆ ತಿರುವು. ಉಳಿದಿದ್ದ ದುಡ್ಡಲ್ಲಿ ಹೊಸ ಗುಂಡಿ ಕಟ್ಟುವುದನ್ನು ನಿಲ್ಲಿಸಿದೆವು. ಕೊಟ್ಟಿಗೆಗೆ ಚಪ್ಪಡಿ ಹಾಸಿ ಕಾಲುವೆ ಮಾಡಿಸಲು ಕೊಟ್ಟೆವು. ಇಪ್ಪತ್ತೆಂಟು ಮನೆಯವರು ಮಾಡಿಸಿಕೊಂಡರು. ಸ್ನಾನದ ನೀರು ಹಾಕಲು ಹೋಗಿ ಕೆಲವರು ತೊಂದರೆ ಮಾಡಿಕೊಂಡರು. ಸೋಪಿನ ನೀರು ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತೆ. ಊರಿನ ಇಬ್ಬರು ಹೆಣ್ಣುಮಕ್ಕಳಿಗೆ ರಿಪೇರಿ ಕಲಿಸಿದೆವು. ಬರ್ನರ್ ತೂತು ಬಿಡಿಸುವುದು, ಪೈಪಿನಲ್ಲಿ ನಿಂತ ನೀರು ತೆಗೆಯುವುದು, ವಾಲ್ವ್ ಬದಲಿಸುವುದು. ಅವರಲ್ಲಿ ಒಬ್ಬರು ಇವತ್ತಿಗೂ ಸುತ್ತಲ ಊರುಗಳಿಗೆ ಈ ಕೆಲಸಕ್ಕೆ ಹೋಗುತ್ತಾರೆ.

ಬೆಲೆ ಬಿದ್ದದ್ದು

ಗೆರೆಗಳು ಮತ್ತೆ ಕಮ್ಮಿ ಆಗುವ ಹೊತ್ತಿಗೆ ಸರಿಯಾಗಿ ಆಚೆ ಕಡೆ ಮಾರುಕಟ್ಟೆ ಕುಸಿಯಿತು. 2008ರಲ್ಲಿ ಒಂದು ಕ್ರೆಡಿಟ್‌ಗೆ ಇಪ್ಪತ್ತು ಯೂರೋ ದಾಟಿದ್ದ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಂತು. ಕಾರಣ ನಮ್ಮ ಊರಲ್ಲಿ ಇರಲಿಲ್ಲ. ಆರ್ಥಿಕ ಹಿಂಜರಿತದಿಂದ ಯುರೋಪಿನ ಕಾರ್ಖಾನೆಗಳು ನಿಧಾನ ಆಗಿ, ಅವರಿಗೆ ಕ್ರೆಡಿಟ್ ಬೇಕಾದದ್ದೇ ಕಮ್ಮಿ ಆಯ್ತು. ಇನ್ನೊಂದು ಕಡೆ ಕ್ರೆಡಿಟ್ ಪ್ರವಾಹದ ಹಾಗೆ ಬರುತ್ತಿತ್ತು. ಫ್ರಿಜ್ಜಿಗೆ ಬೇಕಾದ ಅನಿಲ ತಯಾರಿಸುವ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ-23 ಅನ್ನುವ ಅನಿಲವನ್ನು ಸುಟ್ಟು ಕಡಿಮೆ ಖರ್ಚಿನಲ್ಲಿ ಲಕ್ಷಾಂತರ ಕ್ರೆಡಿಟ್ ಪಡೆಯುತ್ತಿದ್ದರು. 2013ರಿಂದ ಯುರೋಪ್ ಅದನ್ನು ತಡೆಯಿತು, ಆದರೆ ಅಷ್ಟರಲ್ಲಿ ಮಾರುಕಟ್ಟೆ ತುಂಬಿತ್ತು. ಆ ಕಾರ್ಖಾನೆಯ ಒಂದು ಟನ್ನು, ರತ್ನಮ್ಮನವರ ಮುದ್ದೆ ಒಲೆಯ ಒಂದು ಟನ್ನು ಒಂದೇ ತಕ್ಕಡಿಯಲ್ಲಿದ್ದವು. ಇವರ ಟನ್ನಿನ ಹಿಂದೆ ಇಂಗಾಲ ಮಾತ್ರ ಇರಲಿಲ್ಲ, ಹೊಗೆ ಇಲ್ಲದ ಕಣ್ಣು, ಹೊರದ ಸೌದೆ ಎಲ್ಲ ಇತ್ತು. ತಕ್ಕಡಿಗೆ ಅದು ಕಾಣಲಿಲ್ಲ.

ಖರೀದಿದಾರರ ಕರಾರು 2012ಕ್ಕೆ ಮುಗಿದಿತ್ತು. ನಮ್ಮ ಕ್ರೆಡಿಟ್ ಆಮೇಲೂ ಮಾರಬಹುದಿತ್ತು, ಆದರೆ ಪರಿಶೀಲನೆಯವರನ್ನು ಕರೆಸುವ ಖರ್ಚು ಕೂಡ ಹುಟ್ಟುತ್ತಿರಲಿಲ್ಲ. ಮನೆಯವರಿಗೆ ಬರುತ್ತೆ ಅಂತ ಹೇಳಿದ್ದ ದುಡ್ಡು ಬರಲಿಲ್ಲ.

ಇದನ್ನು ಹೇಳಲು ಅರಳಿಕಟ್ಟೆ ಹತ್ತಿರ ಸಭೆ ಕರೆದೆವು. ಫೋನಿನಲ್ಲಿ ತಿಳಿಸಿ ಸುಮ್ಮನಾಗೋಣ ಅಂತ ಒಂದು ಮಾತು ಬಂದಿತ್ತು, ನಾವು ಒಪ್ಪಲಿಲ್ಲ. ನಾನೇ ಎದ್ದು ನಿಂತು ಹೇಳಿದೆ. ಒಬ್ಬ ಹುಡುಗ ಜೋರಾಗಿ ಬೈದ, ಬೈಯುವುದು ನ್ಯಾಯವಾಗಿತ್ತು. ರತ್ನಮ್ಮನವರು ಕೇಳಿದ್ದು ಒಂದೇ ಪ್ರಶ್ನೆ. “ರೇಷ್ಮೆ ಗೂಡಿನ ರೇಟು ಬೀಳುತ್ತೆ ಅಂತ ನಮಗೆ ಗೊತ್ತು, ಟೊಮ್ಯಾಟೋ ರೇಟು ಬೀಳುತ್ತೆ ಅಂತ ಗೊತ್ತು. ಇದಕ್ಕೂ ರೇಟು ಬೀಳುತ್ತೆ ಅಂತ ಅವತ್ತೇ ಯಾಕಪ್ಪ ಹೇಳಲಿಲ್ಲ?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಾವು ಹೇಳಿದ್ದು ‘ಇಷ್ಟು ಬರುತ್ತೆ’ ಅಂತ. ಮಾರುಕಟ್ಟೆ ಅಂದರೇನು ಅಂತ ನಮಗಿಂತ ಚೆನ್ನಾಗಿ ಗೊತ್ತಿದ್ದ ಜನರಿಗೆ ನಾವು ಅದನ್ನು ಮುಚ್ಚಿಟ್ಟ ಹಾಗಾಯ್ತು.

ಮೂರು ದನ ಇಲ್ಲದವರು

ಇನ್ನು ಆ ನಿಯಮದ ವಿಷಯ. ಇದನ್ನು ಬರೆಯುವುದು ನನಗೆ ಕಷ್ಟ. ಊರಲ್ಲಿ ಜಮೀನಿಲ್ಲದ ಹನ್ನೊಂದು ಮನೆ ಇದ್ದವು. ಕೂಲಿ ಮಾಡುವವರು, ಮನೆಯಲ್ಲಿ ಒಂದು ಮೇಕೆ ಇದ್ದರೆ ಹೆಚ್ಚು. ಮೊದಲು ಅವರು ಬೇರೆಯವರ ಕೊಟ್ಟಿಗೆ ಬಾಚಿ ಕೊಟ್ಟು ಸಗಣಿ ತಂದು ಬೆರಣಿ ತಟ್ಟುತ್ತಿದ್ದರು. ಯಾರೂ ದುಡ್ಡು ಕೇಳುತ್ತಿರಲಿಲ್ಲ. ಗುಂಡಿ ಬಂದ ಮೇಲೆ ಸಗಣಿಗೆ ಬೆಲೆ ಬಂತು, ಕೊಡುವುದು ನಿಂತಿತು. ಆ ಹೆಂಗಸರು ಸೌದೆಗೆ ಇನ್ನೂ ದೂರ ನಡೆಯಬೇಕಾಯ್ತು. ನಮ್ಮ ಕಾರ್ಡು, ನಮ್ಮ ಗೋಡೆ ಗೆರೆ ಎಲ್ಲ ಗುಂಡಿ ಇದ್ದ ಮನೆಗಳಲ್ಲಿ ಮಾತ್ರ ಇತ್ತು. ಹಾಗಾಗಿ ಇದು ನಮಗೆ ಗೊತ್ತಾದದ್ದೇ ಮೂರನೇ ವರ್ಷ, ಅದೂ ಒಬ್ಬ ಅಕ್ಕ ದಾರಿಯಲ್ಲಿ ನಿಲ್ಲಿಸಿ ಕೇಳಿದಾಗ. “ನಿಮ್ಮ ಗ್ಯಾಸಿಂದ ನಮ್ಮ ಬೆರಣಿ ಹೋಯ್ತಲ್ಲಾ ಸಾರ್.”

ಆಮೇಲೆ ಆ ಹನ್ನೊಂದು ಮನೆಗೂ ಅಸ್ತ್ರ ಒಲೆ ಹಾಕಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ರೂಪಿಸಿದ, ಚಿಮಣಿ ಇರುವ ಮಣ್ಣಿನ ಒಲೆ ಅದು. ಸೌದೆ ಕಮ್ಮಿ ಸಾಕು, ಹೊಗೆ ಹೊರಗೆ ಹೋಗುತ್ತೆ. ಒಳ್ಳೆಯ ಒಲೆ. ಆದರೆ ಅದನ್ನು ಮೊದಲ ದಿನವೇ ಮಾಡಬೇಕಿತ್ತು ಅಲ್ವಾ? ಗುಂಡಿಯ ಕರಾರಿಗೆ ಸಹಿ ಹಾಕುವ ಮುಂಚೆ ಊರಿನ ಸಗಣಿ ಯಾರಿಂದ ಯಾರಿಗೆ ಹೋಗುತ್ತಿದೆ ಅಂತ ಒಂದು ದಿನ ಕೂತು ಕೇಳಿದ್ದರೆ ಸಾಕಿತ್ತು.

ಕಾರ್ಬನ್ ದುಡ್ಡು ಹೋದ ಮೇಲೆ

ಎಲ್ಲ ಗುಂಡಿಗಳೂ ಮುಚ್ಚುತ್ತವೆ ಅಂತ ನಾನು ಅಂದುಕೊಂಡಿದ್ದೆ. ಹಾಗಾಗಲಿಲ್ಲ. 2016ರಲ್ಲಿ ಉಜ್ವಲಾ ಶುರುವಾಯ್ತು, ಊರಿಗೆ ಸಿಲಿಂಡರ್ ಬಂತು. ಆ ಹನ್ನೊಂದು ಮನೆಗೂ ಬಂತು, ಮರುಪೂರಣದ ದುಡ್ಡು ಹೊಂದಿಸಲಾಗದೆ ಅವರು ಸೌದೆಯನ್ನೂ ಬಿಡಲಿಲ್ಲ. ಗುಂಡಿ ಇದ್ದ ಮನೆಗಳಲ್ಲಿ ಹತ್ತೊಂಬತ್ತು ಮಂದಿ ಗುಂಡಿ ಬಿಟ್ಟರು. ಕೆಲವರು ಹಸು ಮಾರಿದ್ದರು, ಕೆಲವರ ಮಕ್ಕಳು ಬೆಂಗಳೂರು ಸೇರಿ ಮನೆಯಲ್ಲಿ ಇಬ್ಬರೇ ಉಳಿದಿದ್ದರು. ಇಪ್ಪತ್ತಮೂರು ಮನೆಗಳಲ್ಲಿ ಇವತ್ತಿಗೂ ಉರಿಯುತ್ತಿದೆ.

ಆ ಇಪ್ಪತ್ತಮೂರಲ್ಲಿ ಹೆಚ್ಚು ಕಮ್ಮಿ ಎಲ್ಲವೂ ಹಿಪ್ಪುನೇರಳೆ ತೋಟ ಇರುವ ಮನೆಗಳು. ಅವರು ಗುಂಡಿ ಉಳಿಸಿಕೊಂಡದ್ದು ಗ್ಯಾಸಿಗೆ ಅಂತಲೂ ಅಲ್ಲ, ಬಗ್ಗಡಕ್ಕೆ. ಸಗಣಿಯಲ್ಲಿದ್ದ ಸಾರಜನಕ ಬಗ್ಗಡದಲ್ಲೂ ಉಳಿದಿರುತ್ತೆ, ತಿಪ್ಪೆ ಗೊಬ್ಬರದ ಹಾಗೆ ಕಳೆ ಬೀಜ ಮೊಳೆಯುವ ಕಾಟ ಕಮ್ಮಿ. ಸೊಪ್ಪಿನ ಎಲೆ ದಪ್ಪ ಬರುತ್ತೆ ಅಂತ ಮುನಿಯಪ್ಪನವರು ಕೈಯಲ್ಲಿ ಹಿಡಿದು ತೋರಿಸುತ್ತಾರೆ, ಯೂರಿಯಾ ಮೂಟೆ ಅರ್ಧಕ್ಕೆ ಇಳಿಸಿದ್ದಾರೆ. ನಮ್ಮ ಯೋಜನಾ ವರದಿಯಲ್ಲಿ ಬಗ್ಗಡಕ್ಕೆ ಇದ್ದದ್ದು ಎರಡು ಸಾಲು. ಇವತ್ತು ಮತ್ತೆ ಬರೆಯಲು ಹೇಳಿದರೆ ನಾನು ತೋಟದಿಂದ ಶುರು ಮಾಡಿ, ಕೊಟ್ಟಿಗೆ ನೆಲಕ್ಕೆ ಬಂದು, ಕೊನೆಗೆ ಟನ್ನಿಗೆ ಬರುತ್ತೇನೆ. ಮನೆಯವರಿಗೆ ಸ್ವಂತ ಲಾಭ ಇರುವ ಕಡೆ ಒಲೆ ಉರಿಯುತ್ತೆ, ಒಲೆ ಉರಿದರೆ ಟನ್ ತಾನಾಗೇ ಉಳಿಯುತ್ತೆ. ನಾವು ಹೊರಟಿದ್ದು ಆ ಕಡೆಯಿಂದ ಈ ಕಡೆಗೆ.

ಕ್ಯೋಟೋ ಹೋಗಿ 2015ರಲ್ಲಿ ಪ್ಯಾರಿಸ್ ಒಪ್ಪಂದ ಬಂತು. 2023ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ಕಾರ್ಬನ್ ಕ್ರೆಡಿಟ್ ವ್ಯಾಪಾರಕ್ಕೆ ಯೋಜನೆ ಹೊರಡಿಸಿತು. ಹೋದ ಬೇಸಿಗೆಯಲ್ಲಿ ಆ ಊರಿಗೆ ಬಂದವರು ಬದುಗಳಲ್ಲಿ ಮರ ನೆಡಿಸುತ್ತೇವೆ, ಬೆಳೆದ ಮರಕ್ಕೆ ಕಾರ್ಬನ್ ದುಡ್ಡು ಕೊಡುತ್ತೇವೆ ಅಂದರು. ಊರಿನವರು ನನಗೂ ಹೇಳಿಕಳಿಸಿದ್ದರು, ಹಿಂದೆ ಕೂತು ಕೇಳುತ್ತಿದ್ದೆ. ನಾನು ಬಾಯಿ ಬಿಡಬೇಕಾಗೇ ಬರಲಿಲ್ಲ. ಮೊದಲ ಮೂರು ಬೇಸಿಗೆ ಗಿಡಕ್ಕೆ ನೀರು ಯಾರು ಹಾಕಬೇಕು ಅಂತ ಮುನಿಯಪ್ಪನವರು ಕೇಳಿದರು. ರೇಟು ಬಿದ್ದರೆ ನಷ್ಟ ಯಾರದು ಅಂತ ರತ್ನಮ್ಮನವರು ಕೇಳಿದರು. ಬದುವಿನಲ್ಲಿ ಮೇಕೆ ಮೇಯಿಸುವವರು ಆಮೇಲೆ ಎಲ್ಲಿಗೆ ಹೋಗಬೇಕು ಅಂತ ಕೇಳಿದ್ದು ಆ ಹನ್ನೊಂದು ಮನೆಯ ಒಬ್ಬ ಹುಡುಗಿ, ಈಗ ಡಿಗ್ರಿ ಓದುತ್ತಿದ್ದಾಳೆ. ಬಂದವರ ಕೈಯಲ್ಲಿದ್ದ ಕರಾರು ಇಂಗ್ಲಿಷಿನಲ್ಲಿತ್ತು. ಮೂರು ಪ್ರಶ್ನೆಗೂ ಉತ್ತರ ಸೇರಿಸಿ ಕನ್ನಡದಲ್ಲಿ ಬರೆಸಿಕೊಂಡು ಬನ್ನಿ, ಆಮೇಲೆ ಕೂತು ಮಾತಾಡೋಣ ಅಂತ ಹೇಳಿ, ಕಾಫಿ ಕೊಟ್ಟು ಕಳಿಸಿದ್ದಾರೆ.